ಚಕ್ಕೋತಕ್ಕೆ ಬಂದ ಜ್ವರ

ಹನ್ನೊಂದನೆಯ ನಳಿಕೆಯಲ್ಲೂ ಬೂಷ್ಟು ಬೆಳೆದಿತ್ತು. ತರನ್ನುಮ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗಾಜಿನ ತಳದಲ್ಲಿ ಅರಳೆಯ ಎಳೆಯಂಥ ಬಿಳುಪು, ಅದರ ನಡುವೆ ಕಪ್ಪಗೆ ಬಾಗಿದ ಪುಟ್ಟ ಸಸಿ. ಆ ಸಸಿಯ ತಲೆಯ ಮೇಲೆ ಆರು ವಾರದ ಹಿಂದೆ ಅವಳೇ ಸೂಜಿಮೊನೆಯಲ್ಲಿ ಎತ್ತಿ ಕೂರಿಸಿದ್ದ ಚಕ್ಕೋತದ ಚಿಗುರುತುದಿ, ಸಾಸಿವೆ ಕಾಳಿನ ಕಾಲುಭಾಗವೂ ಇಲ್ಲದ್ದು, ಎಲ್ಲಿ ಹೋಯಿತೆಂದೇ ತಿಳಿಯುವಂತಿರಲಿಲ್ಲ. ಹನ್ನೆರಡನೆಯದರಲ್ಲಿ ಬೂಷ್ಟಿರಲಿಲ್ಲ. ಅದು ಬದುಕಿತ್ತು, ಎರಡು ಎಲೆಯನ್ನೂ ಬಿಟ್ಟಿತ್ತು. ಅದರ ಎಲೆಯ ಚೂರನ್ನು ಪರೀಕ್ಷೆಗೆ ಕಳಿಸಿದ್ದರ ವರದಿ ಅಂದು ಬೆಳಿಗ್ಗೆ ಬಂದು ಮೇಜಿನ ಮೇಲೆ ಕೂತಿತ್ತು. ವೈರಸ್ ಇದೆ, ಅಷ್ಟೇ.

"ಸತ್ತಿದ್ದಕ್ಕೆ ಬೂಷ್ಟು, ಬದುಕಿದ್ದಕ್ಕೆ ರೋಗ," ಎಂದು ಅವಳು ನಳಿಕೆಗಳನ್ನು ಬಕೆಟ್ಟಿಗೆ ಹಾಕಿದಳು.

ಬಾಗಿಲಲ್ಲಿ ಸ್ಟೂಲಿನ ಮೇಲೆ ನಿಂತು ಟ್ಯೂಬ್‌ಲೈಟ್ ಬದಲಿಸುತ್ತಿದ್ದ ಚನ್ನು ಕೆಳಗೆ ನೋಡಿದ. ಲ್ಯಾಬಿನ ಕರೆಂಟು, ನೀರು, ಯಂತ್ರಗಳ ಉಸಾಬರಿಯೆಲ್ಲ ಅವನದು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಅದೇ ಜಾಗದಲ್ಲಿ ಸೀಬೆ ಗಿಡ ಹಾಕ್ಬಿಡಿ. ಅದಕ್ಕೆ ಯಾವ ಸೀಕೂ ಬರಲ್ಲ, ಬೇಡ ಅಂದ್ರೂ ಬರುತ್ತೆ."

"ನಿಮ್ಮ ಲೈಟ್ ಹಾಕಿ ಚನ್ನು."

ಅಷ್ಟರಲ್ಲಿ ಫೋನು ಬಂತು. ಯಾರದೆಂದು ನೋಡುವ ಅಗತ್ಯವಿರಲಿಲ್ಲ. ಪ್ರತಿ ಸೋಮವಾರ, ಈಶ್ವರನ ಗುಡಿಯಿಂದ ಮನೆಗೆ ಬಂದು ತಿಂಡಿ ತಿಂದ ಮೇಲೆ, ಕೊಡಿಗೇಹಳ್ಳಿಯ ಚಿಕ್ಕಮಾರಯ್ಯ ಫೋನು ಮಾಡುತ್ತಿದ್ದ.

"ಏನವ್ವ ಪಾಷಾ ಮಗ್ಳೇ, ಕೂಸು ಉಟ್ತಾ?"

"ಇನ್ನೂ ಇಲ್ಲ ತಾತ. ಈ ಸಲಾನೂ ಸರಿ ಹೋಗ್ಲಿಲ್ಲ."

"ಎಲ್ಡು ವರ್ಸ ಆಯ್ತು ಕಣವ್ವ. ಆನೆಯಾಗಿದ್ರೂ ಈದಿರೋದು. ಬಡಗಲ ಕೊಂಬೇನೂ ಒಣಗ್ತು. ಇನ್ನು ಒಂದೇ ಒಂದು ಐತೆ, ಗ್ವಾಡೆ ಕಡೀದು. ಅದೂ ಓದ್ರೆ ಆಮ್ಯಾಕೆ ನಿನ್ ಗಾಜಿನ್ ಬುಂಡೆ ತಗೊಂಡು ಏನ್ಮಾಡ್ತೀಯ."

ಅವನು ಕೇಳಿದ್ದು ಸರಿಯಾದ ಪ್ರಶ್ನೆಯೇ, ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು.

ಆ ಚಕ್ಕೋತದ ಮರವನ್ನು ಚಿಕ್ಕಮಾರಯ್ಯನ ಅಜ್ಜಿ ದೇವನಹಳ್ಳಿ ಕಡೆಯಿಂದ ಮದುವೆಯಾಗಿ ಬರುವಾಗ ಸಸಿಯಾಗಿ ಮಡಿಲಲ್ಲಿ ತಂದದ್ದು ಎಂದು ಹೇಳುತ್ತಿದ್ದರು. ಒಳಗೆ ಕೆಂಪು ತೊಳೆ, ಎಳ್ಳಷ್ಟೂ ಕಹಿಯಿಲ್ಲ. ಗೌರಿಹಬ್ಬದ ಹೊತ್ತಿಗೆ ಮೊದಲ ಕಾಯಿ ಊರಮ್ಮನಿಗೆ, ಎರಡನೆಯದು ಪಕ್ಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ತರನ್ನುಮಳ ಅಬ್ಬಾ ಅಕ್ಬರ್ ಪಾಷಾರಿಗೆ. ತರನ್ನುಮ್ ಅದನ್ನು ತಿಂದೇ ಬೆಳೆದವಳು. ಅಬ್ಬಾ ಸಿಪ್ಪೆಯನ್ನು ಟೋಪಿಯ ಹಾಗೆ ಬಿಡಿಸಿ ಅವಳ ತಲೆಗಿಡುತ್ತಿದ್ದರು. ಈಗ ಮರಕ್ಕೆ ಸೊರಗುರೋಗದ ವೈರಸ್ ತಗುಲಿತ್ತು. ಕಡ್ಡಿ ತಂದು ಕಸಿ ಕಟ್ಟಿದರೆ ರೋಗವೂ ಜೊತೆಗೇ ಬರುತ್ತದೆ, ಬೀಜ ಹಾಕಿದರೆ ಆ ಹಣ್ಣು ಬರುವ ನೆಚ್ಚಿಗೆಯಿಲ್ಲ. ಉಳಿದ ದಾರಿ ಒಂದೇ. ಬಾಳೆಸಸಿ ಮಾಡಿ ಮಾರಿ ಬದುಕುತ್ತಿದ್ದ ವಿದ್ಯಾರಣ್ಯಪುರದ ಆ ಲ್ಯಾಬಿನಲ್ಲಿ, ಮೂಲೆಯಲ್ಲಿ ಬೇಡವಾಗಿ ನಿಂತಿದ್ದ ಬಿಸಿಪೆಟ್ಟಿಗೆಯನ್ನು ಮಾಲೀಕರ ಕೈಕಾಲು ಹಿಡಿದು ಕೇಳಿ ಪಡೆದು, ಅವಳು ಆ ದಾರಿ ಹಿಡಿದಿದ್ದಳು.

ಆಳೆತ್ತರದ ಪೆಟ್ಟಿಗೆ, ಬಾಗಿಲಲ್ಲೊಂದು ಗಾಜಿನ ಕಿಂಡಿ. ಅದಕ್ಕೆ ಜ್ವರದ ಪೆಟ್ಟಿಗೆ ಎಂದು ಹೆಸರಿಟ್ಟವಳು ತರನ್ನುಮಳೇ. ಮೊದಲ ಸಲ ಕುಂಡಗಳನ್ನು ಒಳಗಿಟ್ಟ ದಿನ, ಕಸ ಗುಡಿಸುವ ಶಿವಲಿಂಗವ್ವ ಪೊರಕೆ ಹಿಡಿದು ನಿಂತು ಏನಿದು ಎಂದು ಕೇಳಿದ್ದಳು.

"ಜ್ವರ ಬಂದ್ರೆ ಮೈಯೊಳಗಿನ ಕ್ರಿಮಿ ಸುಸ್ತಾಗುತ್ತಲ್ಲ ಶಿವಲಿಂಗವ್ವ, ಹಾಗೇ. ಗಿಡಕ್ಕೆ ನಾವೇ ಜ್ವರ ಬರಿಸ್ತೀವಿ. ನಲವತ್ತು ದಿನ. ರೋಗ ಹಿಂದೆ ಉಳಿಯುತ್ತೆ, ಚಿಗುರು ಮುಂದೆ ಓಡುತ್ತೆ. ಓಡಿದ ತುದೀನ ಮಾತ್ರ ನಾವು ಕತ್ತರಿಸ್ಕೋತೀವಿ."

"ನಲವತ್ ದಿನ ಜ್ವರವಾ," ಎಂದು ಶಿವಲಿಂಗವ್ವ ಕೆನ್ನೆಗೆ ಕೈಯಿಟ್ಟುಕೊಂಡಿದ್ದಳು. "ಶಿವನೇ."

ಅಂದೇ ತರನ್ನುಮ್ ಬಾಗಿಲು ತೆರೆಯಬಾರದೆಂದು ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಚೀಟಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ, ಪೆಟ್ಟಿಗೆಗೆ ಅಂಟಿಸಿದ್ದಳು.

ಆ ಸೋಮವಾರ ಮಧ್ಯಾಹ್ನ ಅವಳು ಮಾಡದೇ ಬಿಟ್ಟಿದ್ದ ಕೆಲಸವೊಂದನ್ನು ಮಾಡಿದಳು. ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಸಣ್ಣ ಯಂತ್ರವಿತ್ತು. ಒಳಗಿನ ಶಾಖವನ್ನು ಹತ್ತು ನಿಮಿಷಕ್ಕೊಮ್ಮೆ ಬರೆದಿಡುವುದು ಅದರ ಕೆಲಸ. ಅವಳು ಇಷ್ಟು ದಿನ ಬೆಳಿಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ಅದರ ಮುಖ ನೋಡಿ, ಮೂವತ್ತೆಂಟು, ಮೂವತ್ತೆಂಟು ಎಂದು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗಿದ್ದಳು. ಈಗ ಇಡೀ ನಲವತ್ತು ದಿನದ ಗೆರೆಯನ್ನು ಕಾಗದದ ಮೇಲೆ ತೆಗೆಸಿದಳು. ಗೆರೆ ನೆಟ್ಟಗೆ ಹೋಗಿ, ದಿನಾ ಬೆಳಿಗ್ಗೆ ಏಳರ ಸುಮಾರಿಗೆ ಬಾವಿಗೆ ಬಿದ್ದಂತೆ ಇಪ್ಪತ್ತಾರಕ್ಕೆ ಇಳಿದು, ತೆವಳುತ್ತಾ ಒಂಬತ್ತಕ್ಕೆ ಮೇಲೆ ಬರುತ್ತಿತ್ತು.

"ಚನ್ನು."

ಚನ್ನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ನಂದಲ್ಲ ಮೇಡಂ. ಕರೆಂಟ್ ಹೋಗಿದ್ರೆ ಯುಪಿಎಸ್ ಕೂಗ್ತಿತ್ತು."

"ದಿನಾ ಏಳು ಗಂಟೆಗೆ ಹೋಗ್ತಿದೆ ಚನ್ನು. ದೇವಸ್ಥಾನದ ಗಂಟೆ ಹೊಡ್ದಂಗೆ."

"ಅದಕ್ಕೇ ಹೇಳ್ತಿರೋದು. ನಮ್ ಕರೆಂಟಿಗೆ ಅಷ್ಟೊಂದು ಶಿಸ್ತು ಎಲ್ಲಿದೆ ಹೇಳಿ."

ಆದರೂ ಅವಳು ಬಿಡಲಿಲ್ಲ. ಸ್ಟೆಬಿಲೈಸರ್ ಬದಲಾಯಿತು. ಪೆಟ್ಟಿಗೆ ಮಾರಿದ ಕಂಪನಿಯವನು ಯಶವಂತಪುರದಿಂದ ಬಂದು, ಬಾಗಿಲ ಸುತ್ತಲಿನ ರಬ್ಬರನ್ನು ಒತ್ತಿ ನೋಡಿ, ಚಹಾ ಕುಡಿದು, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿಸಿಕೊಂಡು ಹೋದ. ಇಡೀ ವಾರ ತರನ್ನುಮ್ ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯ್ದಳು. ಮನೆಯಲ್ಲಿ ಅಮ್ಮಿ ಉಪ್ಪು ಮುಂದಾಯಿತೇ ಎಂದು ಕೇಳಿದ್ದಕ್ಕೆ ಕೂಡ ಸಿಡುಕಿದಳು. ಮತ್ತೊಮ್ಮೆ ಗೆರೆಯ ಮುಂದೆ ಕೂತಾಗ ಕಣ್ಣಿಗೆ ಬಿದ್ದದ್ದು ಬೇರೆ: ಭಾನುವಾರಗಳಲ್ಲಿ ಗೆರೆಗೆ ಆ ಗುಂಡಿಯಿರಲಿಲ್ಲ. ನಡುವೆ ಒಂದು ಕಡೆ ನಾಲ್ಕು ದಿನ ಸಾಲಾಗಿ ಗುಂಡಿಯಿರಲಿಲ್ಲ. ಆ ನಾಲ್ಕು ದಿನ ಯಾವುದೆಂದು ಅವಳಿಗೆ ನೆನಪಿತ್ತು. ಶಿವಲಿಂಗವ್ವ ತಂಗಿಯ ಮಗಳ ಮದುವೆಗೆ ಹೋಗಿದ್ದಳು, ಲ್ಯಾಬಿನಲ್ಲಿ ಎಲ್ಲರೂ ಸರದಿಯ ಮೇಲೆ ಗುಡಿಸಿದ್ದರು.

ಮರುದಿನ ಅವಳು ಪರೀಕ್ಷೆಗೆಂದು ಬರಿಯ ನಿಂಬೆಸಸಿಯ ಎರಡು ಕುಂಡಗಳನ್ನು ಪೆಟ್ಟಿಗೆಯಲ್ಲಿಟ್ಟಳು. ಅದರ ಮರುದಿನ ಏಳಕ್ಕೆ ಮುಂಚೆಯೇ ಬಂದು, ಚಪ್ಪಲಿಯನ್ನು ಹೊರಗೆ ಬಿಟ್ಟು ಸದ್ದಿಲ್ಲದೆ ಒಳಗೆ ಹೋದಳು.

ಪೆಟ್ಟಿಗೆಯ ಬಾಗಿಲು ಪೂರ್ತಿ ತೆರೆದಿತ್ತು. ಎದುರಿಗೆ ಚನ್ನುವಿನ ಸ್ಟೂಲಿನ ಮೇಲೆ ಶಿವಲಿಂಗವ್ವ ಕೂತಿದ್ದಳು. ಒಂದು ಕೈಯಲ್ಲಿ ಬೇವಿನ ಟೊಂಗೆ. ಅದರಿಂದ ಕುಂಡಗಳಿಗೆ ಮೆಲ್ಲಗೆ ಗಾಳಿ ಹಾಕುತ್ತಿದ್ದಳು. ಪಕ್ಕದಲ್ಲಿ ಸ್ಟೀಲಿನ ಲೋಟ. ನಡುನಡುವೆ ಲೋಟದಲ್ಲಿ ಬೆರಳದ್ದಿ ಎಲೆಗಳ ಮೇಲೆ ಚಿಮುಕಿಸುತ್ತಿದ್ದಳು. ಕೋಣೆಯೆಲ್ಲ ನೀರು ಮಜ್ಜಿಗೆಯ ವಾಸನೆ. ಎರಡು ವರ್ಷದಿಂದ ಕುಂಡ ಹೊರತೆಗೆದಾಗಲೆಲ್ಲ ಮೂಗಿಗೆ ಬಡಿದು ಹೋಗುತ್ತಿದ್ದ, ಎಲ್ಲಿಯದೆಂದು ತಿಳಿಯದೇ ಇದ್ದ ವಾಸನೆ.

ತರನ್ನುಮ್ ಪೆಟ್ಟಿಗೆಯ ಹತ್ತಿರ ಬಂದಳು. "ಏನ್ ಮಾಡ್ತಿದೀರ ನೀವು," ಎಂದಳು.

ಶಿವಲಿಂಗವ್ವ ಕದ್ದವಳ ಹಾಗೆ ಬೆಚ್ಚಲಿಲ್ಲ. "ಬಂದ್ರಾ ತಾಯಿ? ಇವತ್ತು ಒಸಾ ಕೂಸುಗಳು ಬಂದವೆ, ತಂಪು ಮಾಡ್ತಾ ಇವ್ನಿ."

"ತಂಪು ಮಾಡ್ತಿದೀರಾ."

"ಮತ್ತೆ? ನಲವತ್ ದಿನ ಜ್ವರ ಅಂದ್ರೆ ಸುಮ್ನಾ? ನೀವು ಓದ್ದೋರು, ಔಸ್ತಿ ನೀವು ಕೊಡ್ತೀರಿ. ಗಾಳಿ ಬೀಸೋರು ಯಾರು?"

ತರನ್ನುಮ್ ಬಾಗಿಲನ್ನು ಧಡಾರನೆ ಮುಚ್ಚಿದಳು. ಆಮೇಲೆ ಮಾತು ಬಂತು, ತಡೆಯಿಲ್ಲದೆ ಬಂತು. ಎರಡು ವರ್ಷ, ಇಪ್ಪತ್ತನಾಲ್ಕು ನಳಿಕೆ, ಎರಡು ಕೊಂಬೆ. ಗಾಳಿ ತಾಗಿದಷ್ಟೂ ರೋಗ ಚೇತರಿಸಿಕೊಂಡಿದೆ, ಮಜ್ಜಿಗೆ ಬಿದ್ದಷ್ಟೂ ಬೂಷ್ಟು ಹುಟ್ಟಿದೆ. ಅಷ್ಟು ದೊಡ್ಡದಾಗಿ ಚೀಟಿ ಅಂಟಿಸಿದ್ದೀನಲ್ಲ, ಕಣ್ಣಿಗೆ ಕಾಣಲಿಲ್ಲವೇ ಎಂದು ಕೇಳಿದವಳು, ಕೇಳಿ ಮುಗಿಯುವ ಮುನ್ನವೇ ನಿಂತಳು. ಶಿವಲಿಂಗವ್ವ ಆ ಚೀಟಿಯನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಇಟ್ಟಿದ್ದಳು. ಓದು ಅವಳಿಗೆ ಕನ್ನಡದಲ್ಲೂ ಬರುತ್ತಿರಲಿಲ್ಲ.

ಶಿವಲಿಂಗವ್ವ ಬೇವಿನ ಟೊಂಗೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ನನ್ ದೊಡ್ ಮಗ್ಳಿಗೆ ಜ್ವರ ಬಂದಾಗ ಗಾಳಿ ಆಡಿಸ್ಬ್ಯಾಡಿ, ಕಿಟಕಿ ಮುಚ್ಚಿ ಅಂದ್ರು. ಮುಚ್ಚಿದ್ದೆ. ಮೂರ್ ದಿನ ಮುಚ್ಚಿದ್ದೆ." ಅಷ್ಟು ಹೇಳಿ ಎದ್ದು, ಲೋಟದ ಮಜ್ಜಿಗೆಯನ್ನು ತೊಟ್ಟಿಗೆ ಚೆಲ್ಲಿ, ಪೊರಕೆ ತೆಗೆದುಕೊಂಡು ಉಳಿದ ಕೋಣೆಗಳ ಕಡೆ ಹೋದಳು.

ಆ ಸಂಜೆ ಆರ್.ಟಿ. ನಗರದ ಮನೆಯಲ್ಲಿ ತರನ್ನುಮ್ ಇದನ್ನು ಅಮ್ಮಿಗೆ ಹೇಳಿದಳು. ಅವರೆಕಾಳು ಹಿದುಕುತ್ತಾ ಕೂತಿದ್ದ ಅಮ್ಮಿ ನಗುವೋ ನಿಟ್ಟುಸಿರೋ ತಿಳಿಯದ ಹಾಗೆ ಒಂದು ಉಸಿರು ಬಿಟ್ಟರು. "ಬುಖಾರ್ ಬೋಲೆ ತೊ ಬುಖಾರಿಚ್ ಸಮ್ಝೇಗಿ ನಾ." ಜ್ವರ ಎಂದವಳು ನೀನೇ, ಅವಳು ಜ್ವರ ಎಂದೇ ತಿಳಿದಳು. ತರನ್ನುಮಳಿಗೆ ತನ್ನ ಮೇಲೆ ಸಿಟ್ಟು ಬಂತು, ಅದಕ್ಕೆ ಒಂದು ಬಟ್ಟಲು ಅವರೆಕಾಳನ್ನು ಮುಂದಕ್ಕೆಳೆದುಕೊಂಡು ಹಿದುಕಿದಳು.

ಕೊಡಿಗೇಹಳ್ಳಿಗೆ ಕಡ್ಡಿ ತರಲು ಹೊರಟ ದಿನ ಶಿವಲಿಂಗವ್ವ ತಾನೂ ಬರುತ್ತೇನೆಂದಳು. ಬೇಡವೆಂದರೂ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದಳು. ನಾಲ್ಕು ಅಂತಸ್ತಿನ ಎರಡು ಕಟ್ಟಡಗಳ ಸಂದಿಯಲ್ಲಿ ಚಿಕ್ಕಮಾರಯ್ಯನ ಹೆಂಚಿನ ಮನೆ, ಮನೆಯ ಹಿಂದೆ ಮರ. ಮೂರು ಕೊಂಬೆ ಬೋಳು. ಗೋಡೆಯ ಕಡೆಯದೊಂದೇ ಹಸಿರು, ಅದರಲ್ಲೂ ಎಲೆಗಳು ದೋಣಿಯ ಹಾಗೆ ಮಡಚಿಕೊಂಡಿದ್ದವು.

"ಯಜಮಾನ್ರೇ," ಎಂದಳು ಶಿವಲಿಂಗವ್ವ, ಅವನು ಮಾತಾಡಿಸುವುದಕ್ಕೂ ಮುಂಚೆ. "ಎಲ್ಡು ಸಲಾನೂ ಕೆಡ್ಸಿದ್ದು ನಾನೇ. ಈವಮ್ಮನ್ನ ಬೈಬ್ಯಾಡಿ. ಜ್ವರ ಅಂತ ತಿಳ್ಕಂಡು ಬಾಗ್ಲು ತೆಗ್ದು ಮಜ್ಗೆ ಚಿಮುಕಿಸ್ಬುಟ್ಟೆ."

ಚಿಕ್ಕಮಾರಯ್ಯ ಅವಳನ್ನೂ ತರನ್ನುಮಳನ್ನೂ ನೋಡಿದ. ಮರದ ಬೋಳು ಕೊಂಬೆಗಳನ್ನು ನೋಡಿದ. ಬೈಗುಳ ಬಾಯಿಯ ತನಕ ಬಂದು ಹೋದದ್ದು ಕಾಣಿಸಿತು.

"ಮಜ್ಗೆಗೆ ಉಪ್ಪಾಕಿದ್ಯಾ?"

"ಒಸಿ ಆಕಿದ್ದೆ."

"ಮತ್ತೆ ಅದ್ಕೇ. ಚಕ್ಕೋತಕ್ಕೆ ಉಪ್ಪು ಕಾರ ಆಕೋದು ತಿನ್ನೋವಾಗ ಕಣಮ್ಮಿ, ಉಟ್ಟೋಕ್ ಮುಂಚೆ ಅಲ್ಲ."

ತರನ್ನುಮ್ ಕತ್ತರಿ ತೆಗೆದಾಗ ಅವನು ತಡೆದ. ಒಳಗಿಂದ ಚೊಂಬಿನಲ್ಲಿ ನೀರು ತಂದು ಬುಡಕ್ಕೆ ಹೊಯ್ದು, ಕಾಂಡಕ್ಕೆ ಅರಿಶಿನ ಹಚ್ಚಿ, ಮುದುಕಿಯೊಬ್ಬಳ ಹತ್ತಿರ ಕೈಸಾಲ ಕೇಳುವವನ ಹಾಗೆ ಮರವನ್ನು ಮೆಲ್ಲಗೆ ಕೇಳಿದ. "ಮೂರೇ ಕಡ್ಡಿ ಕಣವ್ವ. ಕಡೇದು. ಇನ್ನೊಂದ್ ಕಿತ ಬರಾಕಿಲ್ಲ." ಆಮೇಲೆ ಪಕ್ಕಕ್ಕೆ ಸರಿದು ನಿಂತು ಗೋಡೆಯ ಕಡೆ ಮುಖ ಮಾಡಿದ. ಕತ್ತರಿಯ ಸದ್ದು ಮೂರು ಸಲ ಕೇಳಿಸಿತು.

ಮೂರು ಕಡ್ಡಿಯೂ ಕಸಿಯಲ್ಲಿ ಕೂಡಿಕೊಂಡವು. ಮೂರು ಕುಂಡವನ್ನು ಪೆಟ್ಟಿಗೆಯಲ್ಲಿಟ್ಟ ದಿನ ತರನ್ನುಮ್ ಹೊಸ ಚೀಟಿ ಬರೆಯಲು ಕೂತಳು, ಈ ಸಲ ಕನ್ನಡದಲ್ಲಿ, ಯಾರಾದರೂ ಶಿವಲಿಂಗವ್ವನಿಗೆ ಓದಿ ಹೇಳಲಿ ಎಂದು. ಬರೆದು ಮುಗಿಸಿ ಬಂದು ನೋಡಿದರೆ ಹಳೆಯ ಚೀಟಿಯೂ ಇರಲಿಲ್ಲ. ಪೆಟ್ಟಿಗೆಯ ಹಿಡಿಗೆ ಅರಿಶಿನದ ದಾರದಲ್ಲಿ ಬೇವಿನ ಸೊಪ್ಪಿನ ಗೊಂಚಲು ಕಟ್ಟಿತ್ತು.

"ನಮ್ ಕಡೆ ಅಮ್ಮ ಬಂದ್ರೆ, ಮೈಮ್ಯಾಲೆ ಗುಳ್ಳೆ ಎದ್ರೆ, ಬಾಗ್ಲಿಗೆ ಇಂಗೆ ಕಟ್ತೀವಿ," ಎಂದಳು ಶಿವಲಿಂಗವ್ವ. "ಕಟ್ಟಿದ್ ಮ್ಯಾಲೆ ನೆಂಟ್ರು ಬರಲ್ಲ, ಸಾಲ್ಗಾರ್ರೂ ಬರಲ್ಲ. ಮನೆಯೋರೂ ನೀರಾಕೋಗಂಟ ಒಸ್ಲು ದಾಟಲ್ಲ. ಮುಚ್ಚೇ ಇರ್ಬೇಕು ಅಂದ್ರೆ ಮುಚ್ಚೇ ಇರ್ಬೇಕು. ಇಂಗೆ ಅಂತ ಮೊದ್ಲೇ ಏಳಿದ್ರೆ ಆಗೋಗದು ತಾಯಿ."

ತರನ್ನುಮ್ ಕೈಯಲ್ಲಿದ್ದ ಚೀಟಿಯನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಬೇವು ಮಾಡಿದ ಕೆಲಸವನ್ನು ಯಾವ ಚೀಟಿಯೂ ಮಾಡಿರಲಿಲ್ಲ. ಚನ್ನು ಪೆಟ್ಟಿಗೆಯ ಮುಂದೆ ಹಾಯುವಾಗ ದೂರದಿಂದಲೇ ಹಾಯುತ್ತಿದ್ದ. ಮಾಲೀಕರು ಅತಿಥಿಗಳನ್ನು ಕರೆತಂದು ಒಳಗೆ ತೋರಿಸಲೆಂದು ಕೈ ಚಾಚಿದವರು, ಗೊಂಚಲನ್ನು ಕಂಡು, ಕೆಮ್ಮಿ, ಬಾಳೆಯ ಕಡೆ ನಡೆದರು. ಎಲೆ ಬಾಡಿದ ಹಾಗೆಲ್ಲ ಶಿವಲಿಂಗವ್ವ ಹೊಸ ಸೊಪ್ಪು ಕಟ್ಟಿದಳು. ಕಾಗದದ ಮೇಲೆ ಗೆರೆ, ತುಂಬಿದ ಕೆರೆಯ ನೀರಿನಂತೆ, ಏರಿಳಿತವಿಲ್ಲದೆ ಸಾಗಿತ್ತು.

ಇಪ್ಪತ್ತೆರಡನೆಯ ದಿನ ಒಂದು ಗಿಡ ಸುಟ್ಟುಹೋಯಿತು. ಮೂವತ್ತನೆಯ ದಿನ ಇನ್ನೊಂದು. ಇಷ್ಟು ಬಿಸಿಗೆ ಕೆಲವು ಸಾಯುತ್ತವೆ. ತರನ್ನುಮಳಿಗೆ ಗೊತ್ತಿದ್ದ ಸಂಗತಿಯೇ ಅದು. ಆದರೆ ಮೂವತ್ತಮೂರನೆಯ ದಿನ ಬೆಳಿಗ್ಗೆ ಕಿಂಡಿಯಲ್ಲಿ ನೋಡಿದಾಗ ಉಳಿದ ಒಂದರ ಎಲೆಗಳೂ ಜೋತುಬಿದ್ದಿದ್ದವು. ಅಂದು ಸೋಮವಾರ. ಚಿಕ್ಕಮಾರಯ್ಯ ಫೋನು ಮಾಡಿ, ಕೂಸಿನ ಮಾತೆತ್ತದೆ, ಗೋಡೆ ಕಡೆಯ ಕೊಂಬೆಯೂ ಎಲೆ ಉದುರಿಸಿತು ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ.

ಹತ್ತು ನಿಮಿಷ, ಎಂದುಕೊಂಡಳು ತರನ್ನುಮ್. ಹತ್ತೇ ನಿಮಿಷ ತೆಗೆದು, ಸ್ವಲ್ಪ ತಂಪು ತಾಗಲಿ. ಅದು ತಪ್ಪೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಕೈ ಹೋಗಿ ಹಿಡಿಯ ಮೇಲೆ ಕೂತಿತು. ಬೇವಿನ ಎಲೆ ಅಂಗೈಗೆ ಒರಟಾಗಿ ತಾಗಿತು.

"ಬ್ಯಾಡ ತಾಯಿ."

ಶಿವಲಿಂಗವ್ವ ಒದ್ದೆ ನೆಲದ ಆಚೆ ನಿಂತಿದ್ದಳು. ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸಾಯ್ತಾ ಇದೆ ಶಿವಲಿಂಗವ್ವ."

"ಇನ್ನೇಳು ದಿನ ಅಲ್ವಾ. ಬ್ಯಾಡ."

ಇಬ್ಬರೂ ಕಿಂಡಿಯ ಮುಂದೆ ನಿಂತರು. ಶಿವಲಿಂಗವ್ವ ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಅಲುಗುತ್ತಿತ್ತು. ತರನ್ನುಮ್ ಕೈಯನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು, ಮತ್ತೆ ಹೊರಗೆ ಬಾರದಿರಲಿ ಎಂಬಂತೆ. ಜೇಬಿನಲ್ಲಿ ಮಡಚಿದ ಚೀಟಿ ಬೆರಳಿಗೆ ಸಿಕ್ಕಿತು.

ಮೂವತ್ತೆಂಟನೆಯ ದಿನ ಜೋತುಬಿದ್ದ ಎಲೆಗಳ ಕಂಕುಳಲ್ಲಿ ತಿಳಿಹಸಿರು ಮೊನೆಗಳು ಕಾಣಿಸಿದವು. ನಲವತ್ತನೆಯ ದಿನ ಎಣಿಸಿದರೆ ನಾಲ್ಕು. ಆ ಬೆಳಿಗ್ಗೆ ತರನ್ನುಮ್ ಸ್ನಾನ ಮಾಡಿ, ಫಜರ್ ನಮಾಜು ಮುಗಿಸಿ ಬಂದಿದ್ದಳು. ಸೂಕ್ಷ್ಮದರ್ಶಕದ ಕೆಳಗೆ ಬ್ಲೇಡಿನ ಚೂರು ಹಿಡಿದು, ಬಿಸ್ಮಿಲ್ಲಾ ಎಂದು ಉಸಿರು ಹಿಡಿದಳು. ನಾಲ್ಕು ತುದಿ, ನಾಲ್ಕು ನಳಿಕೆಯ ಪುಟ್ಟ ಸಸಿಗಳ ತಲೆಯ ಮೇಲೆ. ಗಾಜಿನ ಆಚೆ ಶಿವಲಿಂಗವ್ವ ಕಸದಬುಟ್ಟಿ ಹಿಡಿದು ನಿಂತವಳು, ಆ ಹೊತ್ತು ಮುಗಿಯುವ ತನಕ ಬುಟ್ಟಿಯನ್ನು ಕೆಳಗಿಡಲಿಲ್ಲ.

ನಾಲ್ಕರಲ್ಲಿ ಮೂರು ಕೂಡಿಕೊಳ್ಳಲಿಲ್ಲ. ಬೂಷ್ಟು ಒಂದರಲ್ಲೂ ಬರಲಿಲ್ಲ. ಉಳಿದ ಒಂದು ಎಲೆಬಿಟ್ಟು, ನಳಿಕೆಯಿಂದ ಕುಂಡಕ್ಕೆ ಬಂತು. ಅದರ ಎಲೆಯ ಚೂರು ಪರೀಕ್ಷೆಗೆ ಹೋಯಿತು. ವರದಿ ಬಂದ ದಿನ ತರನ್ನುಮ್ ಅದನ್ನು ಮೂರು ಸಲ ಓದಿ, ಚನ್ನುವಿನ ಕೈಲೂ ಓದಿಸಿ, ತಾನಾಗಿಯೇ ಕೊಡಿಗೇಹಳ್ಳಿಗೆ ಫೋನು ಮಾಡಿದಳು. ಅಂದು ಗುರುವಾರವಾದ್ದರಿಂದ ಚಿಕ್ಕಮಾರಯ್ಯ ಮೊದಲು ಹೆದರಿದ.

"ತಾತ, ರೋಗ ಇಲ್ಲ."

"ಯಾರ್ಗೆ?"

"ಕೂಸಿಗೆ."

"ಮರ ಮೊನ್ನೆ ಕಡ್ಸಿದೆ ಕಣವ್ವ," ಎಂದ ಅವನು. "ಬುಡ ಮಾತ್ರ ಬುಟ್ಟಿವ್ನಿ. ಪಕ್ಕದಲ್ಲೇ ಗುಣಿ ತೆಗ್ಸಿಡ್ಲಾ?"

"ಈಗಲೇ ಬೇಡ ತಾತ. ಇನ್ನೂ ನಾಲ್ಕು ಬೆರಳುದ್ದ ಇದೆ. ಹೊರಗಿನ ಗಾಳಿನೇ ಅದು ಕಂಡಿಲ್ಲ."

ಕುಂಡದ ಮೇಲೆ ತೆಳು ಪ್ಲಾಸ್ಟಿಕ್ಕಿನ ಚೀಲವೊಂದನ್ನು ಗುಡಾರದ ಹಾಗೆ ಕವಿಚಲಾಗಿತ್ತು. ಗಾಜಿನೊಳಗೆ ಹುಟ್ಟಿದ ಗಿಡವನ್ನು ಒಮ್ಮೆಗೇ ಬಯಲಿಗಿಟ್ಟರೆ ಬಾಡಿಹೋಗುತ್ತದೆ. ದಿನಾ ಬೆಳಿಗ್ಗೆ, ಬಿಸಿಲೇರುವ ಮುನ್ನ, ಚೀಲವನ್ನು ಸ್ವಲ್ಪ ಹೊತ್ತು ತೆಗೆದು ಮತ್ತೆ ಹೊದಿಸಬೇಕು. ಮೊದಲ ದಿನ ಹತ್ತು ನಿಮಿಷ, ಮರುದಿನ ಹದಿನೈದು, ಹೀಗೆ ಏರಿಸುತ್ತಾ ಗಾಳಿಗೆ ಒಗ್ಗಿಸಬೇಕು. ಲ್ಯಾಬಿನಲ್ಲಿ ಅಷ್ಟು ಬೇಗ ಬರುವವರು ಒಬ್ಬರೇ.

ಗೌರಿಹಬ್ಬಕ್ಕೆ ಇನ್ನು ಐದು ದಿನವಿತ್ತು. ತರನ್ನುಮ್ ಅಂದು ಮೊದಲ ಬಸ್ಸಿಗೇ ಬಂದು, ಕುಂಡವನ್ನು ಹಿತ್ತಿಲ ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಚನ್ನುವಿನ ಸ್ಟೂಲು ಹಾಕಿದಳು.

"ತೆಗೀರಿ ಶಿವಲಿಂಗವ್ವ."

"ನಾನಾ?"

"ನೀವೇ. ದಿನಾ ನೀವೇ. ಮಜ್ಜಿಗೆ ಮಾತ್ರ ಬೇಡ."

ಶಿವಲಿಂಗವ್ವ ಸೆರಗಿಗೆ ಎರಡೂ ಕೈ ಒರೆಸಿಕೊಂಡಳು. ಚೀಲದ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮಲಗಿದ ಮಗುವಿನ ಹೊದಿಕೆ ಸರಿಸುವಂತೆ ಮೇಲಕ್ಕೆತ್ತಿದಳು. ಚಕ್ಕೋತದ ಎಲೆ ಎಲ್ಲ ಎಲೆಗಳ ಹಾಗಲ್ಲ; ದೊಡ್ಡ ಎಲೆಯ ಬುಡದಲ್ಲಿ, ಅದರ ಸೊಂಟಕ್ಕೆ ಅಂಟಿಕೊಂಡ ಹಾಗೆ, ಇನ್ನೊಂದು ಕಿರಿಯೆಲೆ ಇರುತ್ತದೆ. ಕಿಟಕಿಯಿಂದ ಗಾಳಿ ಬಂತು. ಮೊದಲು ಕಿರಿಯದು ಅಲುಗಿತು, ಆಮೇಲೆ ದೊಡ್ಡದು. ಶಿವಲಿಂಗವ್ವ ಸ್ಟೂಲಿನ ಮೇಲೆ ಕೂತು, ಗಡಿಯಾರ ನೋಡಲು ಬಾರದವಳು, ಹತ್ತು ನಿಮಿಷವನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಎಣಿಸತೊಡಗಿದಳು.